ಮನೆಯಲ್ಲಿ ಧ್ವನಿಮುದ್ರಣ: ರ್‍ಯಾಕ್ ಮಾದರಿಯ ಆಡಿಯೋ ಇಂಟರ್‌ಫೇಸ್ ಕೊಳ್ಳುವ ಮುನ್ನ

ಕರಾವಳಿಯಿಂದ ಬೀದರ್ ಜಿಲ್ಲೆಗೆ ಸೇವೆಗೆಂದು ಹೋದವರ ಗಮನವನ್ನು ಅಲ್ಲಿನ ಹಾಡುಗಾರಿಕೆ ಮೊದಲು ಸೆಳೆಯುತ್ತದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಗಡಿನಾಡಿನಲ್ಲಿ ಕನ್ನಡದೊಡನೆ ಮರಾಠಿ, ಉರ್ದು, ತೆಲುಗು ಬೆರೆತಿವೆ. ಬೀದರ್ ನಗರ, ಭಾಲ್ಕಿ, ಔರಾದ್ ಕಡೆಯ ಭಜನೆ ಮತ್ತು ತತ್ವಪದಗಳ ಉಚ್ಚಾರ, ದನಿಯ ಏರಿಳಿತ ನಮ್ಮ ಕಡೆಯದಕ್ಕಿಂತ ಬೇರೆ. ಅವುಗಳನ್ನು ಬಾಯಿಪಾಠವಾಗಿ ಉಳಿಸಿಕೊಂಡು ಬಂದ ಹಿರಿಯರ ದನಿಯನ್ನು ಇಂದು ಮುದ್ರಿಸಿಕೊಳ್ಳದಿದ್ದರೆ ನಾಳೆ ಎಷ್ಟು ಹಣ ಕೊಟ್ಟರೂ ಅದು ಸಿಗದು.

ಮೊಬೈಲ್‌ನಲ್ಲಿಯೂ ಮುದ್ರಿಸಬಹುದು. ಆದರೆ ಅದರಲ್ಲಿ ಎಲ್ಲ ಸದ್ದೂ ಒಂದರಲ್ಲೇ ಸೇರಿರುತ್ತದೆ. ತಾಳದ ಸದ್ದು ಅಜ್ಜಿಯ ದನಿಯನ್ನು ಮುಚ್ಚಿದರೆ ಆಮೇಲೆ ಸರಿಪಡಿಸುವುದು ಕಷ್ಟ. ಪ್ರತಿಯೊಂದು ಮೈಕಿನ ಸದ್ದನ್ನು ಬೇರೆ ಬೇರೆ ಟ್ರ್ಯಾಕ್ ಆಗಿ ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆಯೇ ಆಡಿಯೋ ಇಂಟರ್‌ಫೇಸ್. ಇದನ್ನು ಹಲವರು ಸೌಂಡ್ ಕಾರ್ಡ್ ಎಂದೂ ಕರೆಯುತ್ತಾರೆ. ರ್‍ಯಾಕ್ ಮಾದರಿಯದು 19 ಇಂಚು ಅಗಲದ ಚೌಕಟ್ಟಿಗೆ ಹೊಂದುವಂತಿರುತ್ತದೆ. ಸಾಮಾನ್ಯವಾಗಿ ಅದರ ಎತ್ತರ ಒಂದು 'ಯು', ಅಂದರೆ 1.75 ಇಂಚು.

ಅಂಗಡಿಗೆ ಹೋಗುವ ಮೊದಲು ನಾವು ಮಾಡಬೇಕಾದುದು ಒಂದೇ ಲೆಕ್ಕ: ಒಂದೇ ಸಲಕ್ಕೆ ಎಷ್ಟು ಮೈಕ್ ಬೇಕು? ಔರಾದ್‌ನ ಒಂದು ಭಜನಾ ತಂಡವನ್ನು ಊಹಿಸಿಕೊಳ್ಳೋಣ. ಮುಖ್ಯ ಗಾಯಕರಿಗೆ ಒಂದು, ಹಾರ್ಮೋನಿಯಂಗೆ ಒಂದು, ತಬಲಾ ಜೋಡಿಗೆ ಎರಡು, ತಾಳಕ್ಕೆ ಒಂದು, ಹಿಮ್ಮೇಳದವರಿಗೆ ಎರಡು, ಒಟ್ಟು ಏಳು. ಇವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಟ್ಟಿಗೆ ಹಾಡುವವರು. ಒಬ್ಬೊಬ್ಬರನ್ನೇ ಕೂರಿಸಿ ಹಾಡಿಸಿದರೆ ಹಾಡಿನ ಜೀವವೇ ಹೋಗುತ್ತದೆ. ಇಂತಹ ತಂಡಕ್ಕೆ ಎಂಟು ಮೈಕಿನ ರ್‍ಯಾಕ್ ಪೆಟ್ಟಿಗೆ ತಕ್ಕುದು. ಆದರೆ ಮನೆಯಲ್ಲಿ ಒಬ್ಬರೇ ಕೀಬೋರ್ಡ್ ನುಡಿಸಿ, ಬಳಿಕ ತಾವೇ ಹಾಡುವುದಾದರೆ ಎರಡು ಮೈಕಿನ ಚಿಕ್ಕ ಪೆಟ್ಟಿಗೆಯೇ ಧಾರಾಳವಾಗಿ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಮೈಕ್ ಕೊಳ್ಳಬಹುದು.

ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನೋಡಿ ಮೋಸಹೋಗಬಾರದು. ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ 18ಐ20, ಬೆಹ್ರಿಂಗರ್ ಕಂಪನಿಯ ಯುಎಂಸಿ1820 ಎಂಬ ಹೆಸರುಗಳನ್ನು ಕಂಡು ಹದಿನೆಂಟು ಮೈಕ್ ಜೋಡಿಸಬಹುದೆಂದು ತಿಳಿಯುವವರಿದ್ದಾರೆ. ಎರಡರಲ್ಲಿಯೂ ಮೈಕಿಗೆ ಇರುವ ಜಾಗ ಎಂಟೇ. ಉಳಿದವು ಅಡಾಟ್ ಎಂಬ ಬೆಳಕಿನ ತಂತಿಯ ಮೂಲಕ ಮತ್ತು ಡಿಜಿಟಲ್ ಜೋಡಣೆಯ ಮೂಲಕ ಬರುವ ದಾರಿಗಳು. ಅವುಗಳನ್ನು ಬಳಸಲು ಇನ್ನೊಂದು ಉಪಕರಣ ಬೇಕು. ಮುಂದೆ ದೊಡ್ಡ ಗಾಯನ ಮಂಡಳಿಯನ್ನು ಮುದ್ರಿಸುವ ಯೋಚನೆಯಿದ್ದರೆ ಮಾತ್ರ ಈ ಸೌಲಭ್ಯ ಉಪಯುಕ್ತ. ಆದುದರಿಂದ 'ಮೈಕ್ ಪ್ರಿಆ್ಯಂಪ್ ಎಷ್ಟು?' ಎಂದೇ ಕೇಳಿರಿ. ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಎಲ್ಲ ಎಂಟಕ್ಕೂ ದೊರೆಯುವುದೇ ಎಂದೂ ವಿಚಾರಿಸಿರಿ.

ಎರಡನೆಯದು ಕರೆಂಟಿನ ವಿಷಯ. ಎರಡು ಮೈಕಿನ ಚಿಕ್ಕ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಲ್ಯಾಪ್‌ಟಾಪಿನ ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುತ್ತವೆ. ಎಂಟು ಮೈಕಿನ ರ್‍ಯಾಕ್ ಪೆಟ್ಟಿಗೆಗೆ ಸಾಮಾನ್ಯವಾಗಿ ಗೋಡೆಯ ಪ್ಲಗ್ ಬೇಕು. ಹಾಡಿನ ನಡುವೆ ಕರೆಂಟು ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ಪೆಟ್ಟಿಗೆ ಮಾತ್ರ ಸ್ತಬ್ಧವಾಗುತ್ತದೆ. ಎಂಬತ್ತು ದಾಟಿದ ಗಾಯಕರಿಗೆ 'ಇನ್ನೊಮ್ಮೆ ಹಾಡಿ' ಎನ್ನುವುದು ಸುಲಭವಲ್ಲ. ಒಂದು ಯುಪಿಎಸ್ ಜೊತೆಗಿರಲಿ. ಇನ್ವರ್ಟರ್ ಬಳಸುವುದಾದರೆ ಸೈನ್ ವೇವ್ ಮಾದರಿಯದಿರಲಿ; ಇಲ್ಲವಾದರೆ ಗುಂಯ್‌ಗುಡುವ ಸದ್ದು ಮುದ್ರಣದೊಳಗೆ ಸೇರುವ ಸಂಭವವಿದೆ. ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡಿಗೆ ಜೋಡಿಸಿರಿ. ಸದ್ದು ನಿಲ್ಲಲೆಂದು ಮೂರು ಪಿನ್ನಿನ ಪ್ಲಗ್‌ನ ಅರ್ತ್ ಅನ್ನು ಎಂದಿಗೂ ಕತ್ತರಿಸಬೇಡಿ. ಅದು ಪ್ರಾಣಕ್ಕೆ ಅಪಾಯ.

ಮೂರನೆಯದು ಸಾಗಾಟ. ಬೀದರ್‌ನ ಮನೆಯಲ್ಲಿಟ್ಟ ಪೆಟ್ಟಿಗೆಯನ್ನು ಭಾಲ್ಕಿಗೋ ಔರಾದ್‌ಗೋ ಒಯ್ಯಬೇಕಾದರೆ ರ್‍ಯಾಕಿಗೆ ಗಟ್ಟಿ ಕೇಸ್ ಬೇಕು. ರಸ್ತೆಯ ಧೂಳು ಗುಂಡಿಗಳೊಳಗೆ ಸೇರಿದರೆ ಗರಗರ ಸದ್ದು ಶುರುವಾಗುತ್ತದೆ. ಬಳಸದಾಗ ಮುಚ್ಚಿಡಿ, ಬಳಸುವಾಗ, ಮುಖ್ಯವಾಗಿ ಏಪ್ರಿಲ್-ಮೇ ಬಿಸಿಲಿನಲ್ಲಿ, ಗಾಳಿಯಾಡಲು ಮೇಲೆ ಜಾಗ ಬಿಡಿ.

ಕಂಪ್ಯೂಟರಿನ ವಿಷಯದಲ್ಲಿ ಹೆದರಬೇಕಾಗಿಲ್ಲ. ಎಂಟು ಟ್ರ್ಯಾಕ್‌ಗಳನ್ನು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದರೆ ಒಂದು ಗಂಟೆಗೆ ಸುಮಾರು 4 ಜಿಬಿ ಜಾಗ ಸಾಕು. ಇದಕ್ಕೆ ಯುಎಸ್‌ಬಿ 2.0 ವೇಗವೇ ಸಾಲುತ್ತದೆ. ಹಳೆಯ ಫೈರ್‌ವೈರ್ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಜೋಡಣೆಯೇ ಇಲ್ಲ. ನಿಮ್ಮ ವಿಂಡೋಸ್ ಆವೃತ್ತಿಗೆ ಕಂಪನಿಯ ಆಸಿಯೋ ಡ್ರೈವರ್ ಲಭ್ಯವಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಸದ್ದಿನ ಮಟ್ಟವನ್ನು ಪೂರ್ತಿ ಏರಿಸಬೇಡಿ. 24 ಬಿಟ್‌ನಲ್ಲಿ ಸ್ವಲ್ಪ ಮೆಲ್ಲಗೆ ಮುದ್ರಿಸಿದರೂ ಆಮೇಲೆ ಏರಿಸಬಹುದು. ಕೆಂಪು ದೀಪ ಹೊತ್ತಿ ಒಡೆದ ದನಿಯನ್ನು ಮೊದಲಿನಂತೆ ಮಾಡಲಾಗದು.

ಕೊನೆಯದಾಗಿ, ಬರಿಗೋಡೆಯ ಆರ್‌ಸಿಸಿ ಕೋಣೆ ಪ್ರತಿಧ್ವನಿಸಿದರೆ ಎಷ್ಟು ದುಬಾರಿ ಪೆಟ್ಟಿಗೆಯಿದ್ದರೂ ಪ್ರಯೋಜನವಿಲ್ಲ. ನೆಲಕ್ಕೆ ಜಮಖಾನೆ ಹಾಸಿ, ಗೋಡೆಗೆ ದಪ್ಪ ಕೌದಿ ಇಳಿಬಿಟ್ಟು, ಫ್ಯಾನ್ ನಿಲ್ಲಿಸಿ ನೋಡಿ. ವ್ಯತ್ಯಾಸ ನಿಮಗೇ ತಿಳಿಯುವುದು.

ಪ್ರತಿಯೊಬ್ಬರೂ ರ್‍ಯಾಕ್ ಪೆಟ್ಟಿಗೆ ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಮೂರು ಊರುಗಳ ತಂಡಗಳು ಸೇರಿ ಒಂದನ್ನು ಕೊಂಡು ಹಂಚಿಕೊಂಡರೂ ಕೆಲಸ ನಡೆದೀತು. ಅದೂ ಕೂಡಿಬರದಿದ್ದರೆ ಎರಡು ಮೈಕಿನಿಂದಲೇ ಆರಂಭಿಸೋಣ. ಒಳ್ಳೆಯ ಪೆಟ್ಟಿಗೆ ಮುಂದಿನ ವರ್ಷವೂ ಸಿಗುತ್ತದೆ. ಹಾಡುವ ಹಿರಿಯರು ನಮಗಾಗಿ ಕಾಯುವರೆಂಬ ಭರವಸೆಯಿಲ್ಲ. ಹಾಡಿದವರ ಹೆಸರು, ಊರು, ದಿನಾಂಕವನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟು, ಮುದ್ರಣದ ಪ್ರತಿಯೊಂದನ್ನು ಅವರ ಮನೆಗೂ ತಲುಪಿಸಲು ಮರೆಯದಿರೋಣ.