ಕುದುರೆಯ ಗೊರಸು ಮತ್ತು ಲಾಳ

ಗೊರಸು ಕೆಟ್ಟರೆ ಎಂತಹ ಜಾತಿಕುದುರೆಯೂ ನಿರುಪಯುಕ್ತವೇ ಸರಿ. ಗೊರಸು ಬಿರಿದೊಡನೆ ಲಾಳವನ್ನು ಇನ್ನಷ್ಟು ಬಿಗಿಯಾಗಿ ಹೊಡೆಯಿಸಬೇಕೆಂಬುದು ಅನೇಕರ ಎಣಿಕೆ. ಲಾಳವನ್ನು ತೆಗೆದು ಗೊರಸನ್ನು ತಿದ್ದುವ ಮಾರ್ಗವೂ ಒಂದುಂಟು, ಅದು ಹೊಸದಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಗ್ರೀಕ್ ಲೇಖಕನಾದ ಜೆನೊಫನ್ನನು, ಗೊರಸು ಗಟ್ಟಿಯಾಗಲೆಂದು ಲಾಯದ ಅಂಗಳದಲ್ಲಿ ಮುಷ್ಟಿಗಾತ್ರದ ದುಂಡುಕಲ್ಲುಗಳನ್ನು ಹರಡಬೇಕೆಂದು ಬರೆದನು. ಗೊರಸು ಭಾರ ಬಿದ್ದಾಗ ಹಿಗ್ಗುವ ಸಜೀವವಾದ ಅಂಗ, ಮೊಳೆಯ ಲಾಳ ಆ ಹಿಗ್ಗನ್ನು ತಡೆಯುತ್ತದೆ ಎಂದು ಲಂಡನ್ನಿನ ಪಶುವೈದ್ಯ ಬ್ರೇಸಿ ಕ್ಲಾರ್ಕನು 1809ರಲ್ಲಿ ವಾದಿಸಿದನು.

ಗೊರಸಿನ ಗೋಡೆ ನಮ್ಮ ಉಗುರಿನಂತೆ ಬೆಳೆಯುವಂಥದು. ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರು ಕೆಳಗಿಳಿಯುತ್ತದೆ. ಅದರ ಮುಂತುದಿ ಉದ್ದವಾಗಿ ಹೊರಚಾಚಿದರೆ, ಪ್ರತಿಯೊಂದು ಹೆಜ್ಜೆಯೂ ಸನ್ನೆಕೋಲಿನಂತೆ ಗೋಡೆಯನ್ನು ಮೀಟಿ, ಒಳಗಿನ ಎಲುಬಿನೊಡನೆ ಅದಕ್ಕಿರುವ ಬೆಸುಗೆಯನ್ನು ಸಡಿಲಿಸುತ್ತದೆ, ಬಿರುಕು ಹೆಚ್ಚುತ್ತದೆ. ನಾಲ್ಕಾರು ವಾರಗಳಿಗೊಮ್ಮೆ ಆ ಚಾಚನ್ನು ಅರದಿಂದ ಉಜ್ಜಿ ಅಂಚನ್ನು ದುಂಡಗೆ ಮಾಡುತ್ತ ಬಂದರೆ, ಮೇಲಿನಿಂದ ಹೊಸ ಗೋಡೆ ಬಿಗಿಯಾಗಿ ಇಳಿದುಬರುತ್ತದೆ. ಆದರೆ ಅಂಗಾಲನ್ನು ಕೆತ್ತಿ ತೆಳುವಾಗಿಸಕೂಡದು.

ಇಲ್ಲಿ ಮುಖ್ಯವಾಗಿ ಬೇಕಾದುದು ತಾಳ್ಮೆ. ಮುಂಗೋಡೆ ಪೂರ್ತಿಯಾಗಿ ಹೊಸತಾಗಲು 9ರಿಂದ 12 ತಿಂಗಳು ಹಿಡಿಯುತ್ತದೆ. ಇಂದು ಲಾಳ ಕಿತ್ತು ನಾಳೆ ಜಲ್ಲಿಯ ರಸ್ತೆಗೆ ಹೂಡಿದರೆ ಕುದುರೆ ಕುಂಟದೆ ಇರಲಾರದು. ಮೊದಲು ಮೆತ್ತನೆಯ ನೆಲ, ಒಣಗಿದ ಲಾಯ, ನಿತ್ಯದ ನಡಿಗೆ; ಬಳಿಕ ಗಟ್ಟಿನೆಲ. ದಿನವೆಲ್ಲ ಕಲ್ಲುದಾರಿಯಲ್ಲಿ ದುಡಿಯುವ ಕುದುರೆಗೆ ಲಾಳ ಅಗತ್ಯವಾಗಬಹುದು. ಗೊರಸು ಬಿಸಿಯಾಗಿ ನೋವು ತೋರಿದರಂತೂ ಅರವನ್ನು ಕೆಳಗಿಟ್ಟು ಪಶುವೈದ್ಯರನ್ನು ಕರೆಯುವುದೇ ವಿವೇಕ. ಲಾಳ ಕೀಳುವುದು ಕ್ಷಣದ ಕೆಲಸ. ಗೊರಸನ್ನು ಬೆಳೆಸುವುದು ವರುಷದ ಕೆಲಸ.