ಹೆಸರಲ್ಲೇ ಮಾಲು ಹೇಳಬೇಕಾ?

ಹೆಸರು ಕೇಳಿದ ಕೂಡಲೇ ಮಾಲು ಏನೆಂದು ಗೊತ್ತಾಗಬೇಕು ಅಂತಾರೆ. ಮೊದಲ ದಿನಕ್ಕೆ ಸರಿ. ವ್ಯಾಪಾರ ಬೆಳೆದಾಗ ಅದೇ ಕಾಲ್ತೊಡಕು. 1945ರಲ್ಲಿ ಮಹಾರಾಷ್ಟ್ರದ ಅಮಳನೇರಿನಲ್ಲಿ ಅಡುಗೆ ಎಣ್ಣೆಗೆಂದು ಹುಟ್ಟಿದ ಕಂಪನಿ ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್. ಅದೇ ಹೆಸರಲ್ಲಿ ಕಂಪ್ಯೂಟರ್ ಮಾರಲು ಹೊರಟಿದ್ದರೆ ಗಿರಾಕಿ ವನಸ್ಪತಿ ಡಬ್ಬ ಹುಡುಕುತ್ತಿದ್ದ! ಆ ಉದ್ದ ಹೆಸರನ್ನು ಕತ್ತರಿಸಿ ಮಾಡಿದ ವಿಪ್ರೊ ಎಂಬ ಅರ್ಥವಿಲ್ಲದ ತುಣುಕು ಸೋಪನ್ನೂ ಹೊತ್ತಿತು, ಸಾಫ್ಟ್‌ವೇರನ್ನೂ ಹೊತ್ತಿತು. ಕಾನೂನೂ ಇತ್ತಲೇ ವಾಲುತ್ತದೆ: 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂ ಪ್ರಕಾರ, ಸರಕನ್ನು ಬರೀ ಬಣ್ಣಿಸುವ ಪದಕ್ಕೆ ಸಾಮಾನ್ಯವಾಗಿ ನೋಂದಣಿ ಸಿಗದು. ‘ತಾಜಾ ಇಡ್ಲಿ’ ಬೋರ್ಡನ್ನು ಪಕ್ಕದವರೂ ಹಾಕಬಹುದು.

ಹಾಗಾದರೆ ಮಾವಳ್ಳಿ ಟಿಫಿನ್ ರೂಮ್ಸ್? ಜಾಗ, ತಿಂಡಿ ಎರಡೂ ಹೆಸರಲ್ಲೇ ಇವೆಯಲ್ಲ! ಇವೆ. ಆದರೆ ಪೊಟ್ಟಣದ ಮೇಲೆ ಊರೂರು ಸುತ್ತಿದ್ದು ಎಂಟಿಆರ್ ಎಂಬ ಮೂರಕ್ಷರ. ಅದಕ್ಕೆ ಬೆಲೆ ತಂದದ್ದು ದಶಕಗಳ ರುಚಿ. ಹೊಸಬರ ಕೈಯಲ್ಲಿ ಅಷ್ಟು ಸಮಯ ಎಲ್ಲಿದೆ?