ಅಂಬೆಯ ಪ್ರಶ್ನೆ, ಸಿರಿಯ ಸೀರೆ

ಪತ್ತನಾಜೆ ಕಳೆದು ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಪುತ್ತೂರು, ಸುಳ್ಯ, ಕಡಬದ ಸೀಮೆಗೆ ತಾಳಮದ್ದಳೆಯ ಕಾಲ ಬರುತ್ತದೆ. ಹೊರಗೆ ಅಡಕೆ ತೋಟದ ಮೇಲೆ ಮಳೆ ಸುರಿಯುತ್ತಿರಲು, ಒಳಗೆ ಭಾಗವತರ ಪದಕ್ಕೆ ಅರ್ಥ ಹೇಳುವವರು ಎದುರುಬದುರಾಗಿ ಕುಳಿತಿರುತ್ತಾರೆ. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಇರುವುದು ಮಾತು ಮಾತ್ರ. ವಾದವಿವಾದಕ್ಕೆ ಹೆಸರಾದ ಈ ಕಲೆಯಲ್ಲಿ ಪ್ರಣಯಕ್ಕೇನು ಕೆಲಸವೆಂದು ಹೊರಗಿನವರು ಕೇಳಬಹುದು. ಆದರೆ ಮೂವರ ನಡುವೆ ಸಿಕ್ಕಿಕೊಂಡ ಒಲವನ್ನು ಇಷ್ಟು ನಿಷ್ಠುರವಾಗಿ ವಿಚಾರಣೆಗೆ ಗುರಿಪಡಿಸುವ ಸ್ಥಳ ಬೇರೊಂದು ಸಿಕ್ಕುವುದು ಕಷ್ಟ.

'ಭೀಷ್ಮವಿಜಯ'ವನ್ನೇ ನೋಡಿ. ಕಾಶೀರಾಜನ ಮಗಳು ಅಂಬೆ ಸಾಲ್ವನಿಗೆ ಮನಸ್ಸು ಕೊಟ್ಟವಳು. ತಮ್ಮನಾದ ವಿಚಿತ್ರವೀರ್ಯನಿಗಾಗಿ ಭೀಷ್ಮನು ಅವಳನ್ನು ಸ್ವಯಂವರ ಮಂಟಪದಿಂದ ಕೊಂಡೊಯ್ಯುತ್ತಾನೆ. ಅವಳ ಮನಸ್ಸನ್ನರಿತಾಗ ವೃದ್ಧ ಬ್ರಾಹ್ಮಣನೊಬ್ಬನನ್ನು ಜೊತೆ ಮಾಡಿ ಸಾಲ್ವನಲ್ಲಿಗೆ ಕಳುಹುತ್ತಾನೆ. ಸೋತ ಸಾಲ್ವನೋ, ಗೆದ್ದವನು ಒಯ್ದ ಹೆಣ್ಣು ತನಗೆ ಬೇಡವೆನ್ನುತ್ತಾನೆ. ಮರಳಿ ಬಂದವಳಿಗೆ ಭೀಷ್ಮನ ಬ್ರಹ್ಮಚರ್ಯದ ಪ್ರತಿಜ್ಞೆ ಅಡ್ಡವಾಗುತ್ತದೆ. ಅವಳು ಕೊನೆಗೆ ಬೆಂಕಿಗೆ ಬಿದ್ದು ಶಿಖಂಡಿಯಾಗಿ ಹುಟ್ಟುವಳೆಂಬುದನ್ನು ಅರಿಯದ ಶ್ರೋತೃ ಅಲ್ಲಿ ಇರಲಾರ. ಅವನು ಕಾಯುವುದು ವಾದಕ್ಕೆ. ಒಬ್ಬನ ಮಾನ, ಇನ್ನೊಬ್ಬನ ಪ್ರತಿಜ್ಞೆ, ಇವೆರಡಕ್ಕೂ ತನ್ನ ಬಾಳನ್ನೇಕೆ ತೆರಬೇಕೆಂದು ಅಂಬೆ ಕೇಳಿದಾಗ ಭೀಷ್ಮನ ಅರ್ಥಧಾರಿ ಆ ಗಳಿಗೆಯಲ್ಲಿಯೇ ಉತ್ತರ ಹುಡುಕಬೇಕು. ಬರೆದಿಟ್ಟ ಸಂಭಾಷಣೆಯ ಆಸರೆಯಿಲ್ಲ. ಸಮರ್ಥಳಾದ ಅಂಬೆ ಎದುರಿಗಿದ್ದರೆ ಭೀಷ್ಮನ ವಿಜಯ ಹೆಸರಿಗಷ್ಟೇ ಉಳಿಯುವುದುಂಟು! ಬಹುಕಾಲ ಗಂಡಸರೇ ಹೇಳುತ್ತಿದ್ದ ಅಂಬೆಯ ಅರ್ಥವನ್ನು ಈಗ ಮಹಿಳಾ ತಂಡಗಳಲ್ಲಿ ಹೆಂಗಸರು ಹೇಳುತ್ತಾರೆ. ಅಲ್ಲಿ ಭೀಷ್ಮನ ಸಮರ್ಥನೆಯೂ ಹೆಂಗಸರ ಪಾಲಿಗೇ ಬರುವುದು ಸ್ವಾರಸ್ಯದ ಸಂಗತಿ.

'ಪಾರಿಜಾತ'ದ ಜಗಳ ಇದಕ್ಕೆ ಹೋಲಿಸಿದರೆ ಮನೆಯಂಗಳದ್ದು. ನಾರದನು ತಂದ ಹೂ ರುಕ್ಮಿಣಿಗೆ ದಕ್ಕಿತು; ಸತ್ಯಭಾಮೆ ಮುನಿದಳು; ಕೃಷ್ಣನು ದೇವಲೋಕದ ಮರವನ್ನೇ ಕಿತ್ತು ತಂದ. ನಗಲು ಬೇಕಾದಷ್ಟಿದೆ, ಕಳೆದುಕೊಂಡವರು ಯಾರೂ ಇಲ್ಲ.

ಇಂದಿನ ತರುಣರ ಮೊಬೈಲಿನಲ್ಲಿ ಜಪಾನಿನ ಆನಿಮೆ ಪ್ರಣಯಕಥೆಗಳೂ ಓಡುತ್ತಿರುತ್ತವೆ. 2008ರಲ್ಲಿ ಆರಂಭವಾದ 'ತೊರಾದೊರಾ'ದಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ, ತಾವು ಮೆಚ್ಚಿದವರನ್ನು ಒಲಿಸಿಕೊಳ್ಳಲು ಪರಸ್ಪರ ನೆರವಾಗುತ್ತ ತಾವೇ ಒಲಿದುಬಿಡುತ್ತಾರೆ. ಆ ಹುಡುಗನನ್ನು ಒಳಗೊಳಗೇ ಪ್ರೀತಿಸಿದ ಗೆಳತಿ ಮಿನೋರಿ ಬಹುಕಾಲ ಬಾಯಿಬಿಡದೆ ಬದಿಗೆ ಸರಿದು ನಿಲ್ಲುತ್ತಾಳೆ. ಅಂಬೆ ಆ ಬಗೆಯವಳಲ್ಲ.

ತಾಳಮದ್ದಳೆಯ ಚಾವಡಿಯಿಂದ ಗದ್ದೆಗಿಳಿದರೆ, ನೇಜಿ ನೆಡುವ ಹೆಂಗಸರ ತುಳು ಪಾಡ್ದನದಲ್ಲಿ ಬರುವ ಸಿರಿಯೂ ಬಾಯಿಮುಚ್ಚಿ ಕೂರುವವಳಲ್ಲ. ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಕಾವ್ಯವನ್ನು ಫಿನ್ಲೆಂಡಿನ ಲೌರಿ ಹೋಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು 1998ರಲ್ಲಿ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ. ಬಸುರಿ ಸಿರಿಯ ಬಯಕೆಗೆಂದು ಗಂಡ ಕಾಂತು ಪೂಂಜ ತಂದ ಸೀರೆಯನ್ನು ದಾರಿಯಲ್ಲಿ ಅವನ ಸೂಳೆ ಸಿದ್ದು ಉಟ್ಟು ಮಡಚಿ ಕೊಟ್ಟಿದ್ದಳು. ಸಿರಿ ಅದನ್ನು ಒಲ್ಲೆನೆಂದಳು. ಮುಂದೆ ಆ ಗಂಡನ ಸಂಬಂಧವನ್ನೇ ಕಡಿದುಕೊಂಡು ಹೊರಟಳು. ಅವಳು ಎರಡನೆಯ ಸಲ ಕೈಹಿಡಿದ ಕೊಡ್ಸಾರ ಆಳ್ವನ ಮನೆಯಲ್ಲಿಯೂ ಮೊದಲ ಹೆಂಡತಿ ಸಾಮು ಇದ್ದಳು. ಅಲ್ಲಿ ಸೀರೆಯ ಮೋಸವಿರಲಿಲ್ಲ. ಸಾಮುವೂ ಸಿರಿಯೂ ಅಕ್ಕತಂಗಿಯರಾಗಿ ಬಾಳಿದರು.